ಬೆನ್ನು ತಾಗುವಷ್ಟು ಗೋಡೆ

ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಮನೆಯ ಗೋಡೆಗೆ ಕಣ್ಣಿಗಿಂತ ಬೆನ್ನು ಹೆಚ್ಚು ತಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ಹುಡುಗರು ಮೇಜು ಕುರ್ಚಿ ತರುವುದಿಲ್ಲ. ಗಾದಿ ಹಾಸಿ, ಗೋಡೆಗೆ ಆನಿಕೊಂಡು ನಡುರಾತ್ರಿಯವರೆಗೆ ಓದುತ್ತಾರೆ. ಅಪ್ಪ ಅಲ್ಲಿ ಕಟ್ಟಿಸಿದ ಮನೆಯ ಗಿಲಾವ್ ದಪ್ಪ ಉಸುಕಿನದು, ಒರಟು. ರಿಪೇರಿಗೆ ಕೈಹಾಕಿದಾಗ ಒಂದು ಪ್ರಶ್ನೆ ಎದ್ದಿತು: ಪುಟ್ಟಿ ಎಳೆಸುವುದೋ, ಹಾಗೇ ಬಿಡುವುದೋ?

“ಎರಡ ಕೋಟ್ ಪುಟ್ಟಿ ಎಳದಬಿಡೋಣ್ರೀ ಸರ್, ಬಾಡಿಗಿನೂ ಏರಿಸಬಹುದು” ಎಂದರು ಬಣ್ಣದವರು.

ಮಾತು ಸುಳ್ಳಲ್ಲ. ಆದರೆ ನುಣುಪು ಗೋಡೆ ಏನನ್ನೂ ಮುಚ್ಚಿಡುವುದಿಲ್ಲ. ಹುಬ್ಬಳ್ಳಿ, ಧಾರವಾಡ 1962ರಲ್ಲಿ ಒಂದೇ ಮಹಾನಗರಪಾಲಿಕೆಗೆ ಸೇರಿದರೂ ಈ ಜೋಡಿ ಊರುಗಳ ನೆಲ ಒಂದೇ ಅಲ್ಲ. ಹುಬ್ಬಳ್ಳಿ ಕಡೆ ಎರೆಮಣ್ಣು; ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಪಾಯವನ್ನೇ ಅಲುಗಿಸುತ್ತದೆ. ಒರಟು ಗಿಲಾವಿನಲ್ಲಿ ಅಡಗಿದ್ದ ಸಣ್ಣ ಬಿರುಕು ಪುಟ್ಟಿಯ ಮೇಲೆ ಟ್ಯೂಬ್‌ಲೈಟ್ ಬಿದ್ದೊಡನೆ ಎದ್ದು ಕಾಣುತ್ತದೆ. ಮಲೆನಾಡಿನ ಸೆರಗಿನ ಧಾರವಾಡದಲ್ಲಿ ತೇವದ್ದೇ ಕಾಟ. ಹಿಂದಿನವರು ಸುಣ್ಣ ಬಳಿಯುತ್ತಿದ್ದರು. ಸುಣ್ಣ ತೇವವನ್ನು ಕೂಡಿಹಾಕದೆ ಹೊರಗೆ ಬಿಡುತ್ತದೆ. ಅದರ ಕ್ಷಾರಕ್ಕೆ ಬೂಷ್ಟೂ ಬೇಗ ಹಿಡಿಯದು. ಹಸಿ ಗೋಡೆಗೆ ಪುಟ್ಟಿ ಎಳೆದರೆ ಒಳಗಿನ ನೀರು ಲವಣ ಹೊತ್ತು ಬಂದು, ಒಂದೆರಡು ಮಿಲಿಮೀಟರ್ ದಪ್ಪದ ಆ ಪದರನ್ನು ಹಕ್ಕಳೆ ಎಬ್ಬಿಸುತ್ತದೆ. ಪಿಒಪಿಯಂತೂ ನೀರನ್ನು ತಾಳುವುದೇ ಇಲ್ಲ. ಹಾಗಾಗಿ ಪುಟ್ಟಿಯ ರೊಕ್ಕ ಮೊದಲು ಮಾಳಿಗೆಯ ಸೋರಿಕೆಗೆ, ಬಚ್ಚಲಿನ ಪೈಪಿಗೆ ಹೋಗಬೇಕು.

ನನಗೆ ಇನ್ನೊಂದು ಅಂಜಿಕೆಯೂ ಇತ್ತು. ಗೋಡೆ ನುಣುಪಾದ ದಿನದಿಂದಲೇ ಮಾಲೀಕರ ಬಾಯಲ್ಲಿ “ಮೊಳಿ ಹೊಡೀಬ್ಯಾಡ್ರಿ” ಶುರುವಾಗುತ್ತದೆ. ತೂತಿಗಿಷ್ಟು, ಕಲೆಗಿಷ್ಟು ಎಂದು ಡಿಪಾಜಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ. ಇದು ನ್ಯಾಯವಲ್ಲ. ಅಂಗಿ ತೂಗುಹಾಕಲು, ಮನೆದೇವರ ಫೋಟೋಕ್ಕೆ ಒಂದು ಮೊಳೆ ಬೇಡವೇ? ಬಾಡಿಗೆ ಕಟ್ಟುವಷ್ಟು ದಿನ ಅದು ಬಾಡಿಗೆದಾರರ ಮನೆ.

ಕೊನೆಗೆ ಗೋಡೆಯನ್ನು ಅಡ್ಡಕ್ಕೆ ಹಂಚುವುದೆಂದು ಗೊತ್ತುಮಾಡಿದೆವು. ನೆಲದಿಂದ ನಾಲ್ಕು ಅಡಿ, ಅಂದರೆ ಕುಳಿತವರ ಬೆನ್ನು, ತಲೆ ತಾಗುವಷ್ಟು ನುಣುಪು. ಅದಕ್ಕೆ ತೊಳೆಯಲು ಬರುವ ಆಯಿಲ್ ಪೇಂಟ್. ಅದರ ಮೇಲಿನದು ಇದ್ದಂತೆಯೇ ಒರಟು, ಮೊಳೆಗೆ ಮುಕ್ತ. ಒಗ್ಗರಣೆಯ ಜಿಡ್ಡು ಒರಟಿನಲ್ಲಿ ಕೂತರೆ ತಿಕ್ಕಿದರೂ ಹೋಗದು, ಆದ್ದರಿಂದ ಅಡಿಗೆಮನೆ ಮಾತ್ರ ಪೂರ್ತಿ ನುಣುಪು.

“ಹಳೀ ಸರಕಾರಿ ಸಾಲಿಗೆ ಹಿಂಗ ಎರಡ ಬಣ್ಣ ಹೊಡೀತಿದ್ವಿರೀ” ಎಂದು ಬಣ್ಣದವರು ತಲೆ ಕೆರೆದುಕೊಂಡರು. ನೂರಾರು ಮಕ್ಕಳ ಬೆನ್ನು, ಕೈ ತಾಗುವ ಗೋಡೆಗೆ ಹಾಗೆ ಬಳಿದವರು ತಿಳಿದೇ ಬಳಿದಿದ್ದರು ಎಂದೆ. ಕೆಲಸ ಶುರುವಾಗುವುದು ದೀಪಾವಳಿ ಕಳೆದ ಮೇಲೆ, ಗೋಡೆ ಪೂರಾ ಒಣಗಿದಾಗ.