ಪಾಯಿಂಟು ಕೊಡುವ ಸಾಹುಕಾರ

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕ್ರಿಕೆಟ್ ಬಿಟ್ಟರೆ ಜಾಸ್ತಿ ಮಾತಾಡೋದು ರಿವಾರ್ಡ್ ಪಾಯಿಂಟ್ ಬಗ್ಗೆ. 'ಮನೆಮಂದಿಯನ್ನೆಲ್ಲ ಪುಕ್ಕಟೆ ವಂಡರ್‌ಲಾಗೆ ಕರ್ಕೊಂಡು ಹೋಗ್ಬಹುದು ಗುರೂ' ಅಂತಾರೆ. ಲೆಕ್ಕ ಹಾಕೋಣ ಬನ್ನಿ.

ನೂರಕ್ಕೆ ಒಂದು ರೂಪಾಯಿ ವಾಪಸ್ ಕೊಡುವ ಕಾರ್ಡಿನಲ್ಲಿ ತಿಂಗಳಿಗೆ 25,000 ಖರ್ಚು ಮಾಡಿದರೆ ಸಿಗೋದು 250. ವರ್ಷಕ್ಕೆ 3,000. ಬಿಡದಿಗೆ ಆರು ಜನ ಹೋದರೆ ಅದು ಟಿಕೆಟ್ಟಿಗೂ ಸಾಲಲ್ಲ. ಅದೇ 25,000 ಒಂದು ತಿಂಗಳು ಬಾಕಿ ಉಳೀತು ಅನ್ನಿ. ತಿಂಗಳಿಗೆ 3.5% ಬಡ್ಡಿಯಾದರೆ 875 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ನಾಲ್ಕು ತಿಂಗಳ ಪಾಯಿಂಟು ಗೋವಿಂದ!

ಊರಲ್ಲಿ ಅಪ್ಪ ಬೋರ್‌ವೆಲ್ ಕೊರೆಸಲು ಸಾಹುಕಾರರ ಹತ್ತಿರ ತಂದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅದನ್ನು ತೀರಿಸೋಕೆ ಎರಡು ಎಮ್ಮೆ ಹೋದವು. ಕಾರ್ಡಿನ ಬಡ್ಡಿ ಅದಕ್ಕಿಂತ ಅರ್ಧ ರೂಪಾಯಿ ಜಾಸ್ತಿ.

ಹಾಗಂತ ನಾನು ಕಾರ್ಡ್ ಬಿಸಾಕಿಲ್ಲ. ದಿನಸಿ, ಕರೆಂಟ್ ಬಿಲ್ ಎಲ್ಲ ಅದರಲ್ಲೇ; ಗಡುವಿಗೆ ಮುಂಚೆ ಪೂರ್ತಿ ಬಾಕಿ ಚುಕ್ತಾ. ಪ್ರವಾಸದ ದುಡ್ಡು ಬರೋದು ತಿಂಗಳಿಗೆ ಸಾವಿರದ ಆರ್‌ಡಿಯಿಂದ: ವರ್ಷಕ್ಕೆ 12,000, ಜೊತೆಗೆ ಬಡ್ಡಿ. ವರ್ಷದೊಳಗೆ ಬೇಕಾದ ದುಡ್ಡನ್ನು ಶೇರಿಗೆ ಹಾಕಲ್ಲ. ಎಸ್‌ಐಪಿ ಏನಿದ್ದರೂ ಮಗಳ ಓದಿಗೆ. ಪಾಯಿಂಟು ಊಟಕ್ಕೆ ಉಪ್ಪಿನಕಾಯಿ ಇದ್ದಂಗೆ, ಅದೇ ಅನ್ನ ಅಲ್ಲ.

ಈ ಬೇಸಿಗೆಗೆ ಅಪ್ಪ, ಅವ್ವನೂ ನಮ್ಮ ಜೊತೆ ಬರ್ತಿದ್ದಾರೆ. ಇಷ್ಟು ದುಡ್ಡು ಎಲ್ಲಿಂದ ತಂದೆ ಅಂತ ಅಪ್ಪ ಕೇಳೇ ಕೇಳ್ತಾರೆ. 'ಸಾಲ ಅಲ್ಲಪ್ಪ' ಅಂತ ಧೈರ್ಯವಾಗಿ ಹೇಳಬಹುದು.