ಹೊಗೆ ಯಾರ ಎದೆಗೆ ಹೋಯ್ತು?



"ಗ್ಯಾಸ್ ಕೊಟ್ರೂ ಇವ್ರು ಸೌದೆ ಒಲೆ ಬಿಡಲ್ಲ, ಹಳೇ ಚಾಳಿ." ಲೈನ್ ಮನೆಗಳಲ್ಲಿರೋ ನಮ್ಮ ಜನರ ಬಗ್ಗೆ ಈ ಮಾತನ್ನ ಆಫೀಸಿನ ಊಟದ ಹೊತ್ತಲ್ಲೂ ಕೇಳಿದ್ದೀನಿ, ನಮ್ಮದೇ ಸಭೆಗಳಲ್ಲೂ ಕೇಳಿದ್ದೀನಿ. ಮೂಡಿಗೆರೆ ಸೀಮೆಯ ಒಂದು ಕಾಫಿ ತೋಟದ ಲೈನಲ್ಲಿ ಹುಟ್ಟಿ ಬೆಳೆದವನು ನಾನು. ಹಾಗಾಗಿ ಒಂದಿಷ್ಟು ಹೇಳಬೇಕು.

ಮಲೆನಾಡಿನ ಮಳೆಗಾಲ ಬಯಲುಸೀಮೆಯೋರಿಗೆ ಅರ್ಥ ಆಗೋದು ಕಷ್ಟ. ಜೂನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತೆ, ಕಂಬಳಿ ಮುಗ್ಗಲು ವಾಸನೆ ಹೊಡೆಯುತ್ತೆ, ಒಗೆದ ಬಟ್ಟೆ ನಾಲ್ಕು ದಿನವಾದ್ರೂ ಒಣಗಲ್ಲ. ಅವ್ವ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಇಡೀ ದಿನ ತೋಟದಲ್ಲಿ ನೆಂದು ಬರೋಳು. ನಮಗಿದ್ದದ್ದು ಒಂದೇ ಕೋಣೆ, ಅದರ ಮೂಲೇಲಿ ಒಲೆ. ಅಡುಗೆ ಮುಗಿದ ಮೇಲೂ ಆ ಒಲೆ ಆರ್ತಿರಲಿಲ್ಲ. ನಾಳೆ ಉಡೋ ಸೀರೆ ಅದರ ಮೇಲಿನ ಹಗ್ಗದಲ್ಲಿ ಒಣಗಬೇಕು, ಸ್ನಾನದ ನೀರು ಕಾಯಬೇಕು, ತಂಗಿ ಬೆಚ್ಚಗೆ ಮಲಗಬೇಕು. ನಾನು ಎಸೆಸೆಲ್ಸಿಗೆ ಓದಿದ್ದೂ ಆ ಒಲೆಗೆ ಬೆನ್ನು ಕೊಟ್ಟೇ.

ಗ್ಯಾಸ್ ಸ್ಟೌ ಅನ್ನ ಬೇಯಿಸುತ್ತೆ. ಮನೆ ಬೆಚ್ಚಗಿಡೋಕೆ ಅದನ್ನ ರಾತ್ರಿಯಿಡೀ ಉರಿಸಿದ್ರೆ ಸಿಲಿಂಡರ್ ಎಷ್ಟು ದಿನ ಬರುತ್ತೆ? ದುಡ್ಡು ಯಾರು ಕೊಡ್ತಾರೆ? 2016ರಲ್ಲಿ ಉಜ್ವಲಾ ಯೋಜನೆ ಬಂತು, ಹೆಣ್ಣುಮಕ್ಕಳ ಹೆಸರಿಗೆ ಕನೆಕ್ಷನ್ ಕೊಟ್ಟರು. ಒಳ್ಳೇದೇ ಆಯ್ತು. ಆದ್ರೆ ಅದು ಅಡುಗೆಯ ಲೆಕ್ಕ. ಚಳಿಯ ಲೆಕ್ಕ ಯಾರೂ ಬರ್ಕೊಳ್ಳಲಿಲ್ಲ.

ಅದೇ ತೋಟದ ಬಂಗಲೆಯಲ್ಲೂ ಸೌದೆ ಉರೀತಿತ್ತು. ಗೋಡೆಯೊಳಗೆ ಕಟ್ಟಿದ ಅಗ್ಗಿಷ್ಟಿಕೆ, ಹಂಚು ದಾಟಿ ಮೇಲೆ ನಿಂತ ಕಲ್ಲಿನ ಚಿಮಣಿ. ಅದಕ್ಕೆ ಸೌದೆ ಒಡೀತಿದ್ದದ್ದು ನಮ್ಮಪ್ಪ. ಹಿಂದಿನ ಜಗಲಿ ತನಕ ಹೊತ್ತು ಹಾಕಿ ಬರಬೇಕು, ಒಳಗೆ ಕಾಲಿಡಂಗಿಲ್ಲ. ಬಂಗಲೆಗೆ ಹೋಗೋ ಸೌದೆ ಬೇಸಿಗೇಲೇ ಒಡೆದು, ಶೆಡ್ಡಲ್ಲಿ ಒಟ್ಟಿ ಒಣಗಿಸಿದ್ದು. ನಮಗೆ ಸಿಗ್ತಿದ್ದದ್ದು ಮಳೆಗೆ ಮುಂಚೆ ಮರಗಸಿ ಮಾಡಿದಾಗ ಬಿದ್ದ ಹಸಿ ಕೊಂಬೆ.

ಆಗ ತಾನೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತೆ. ಬೆಂಕಿಯ ಕಾವು ಮೊದಲು ಆ ನೀರನ್ನ ಆವಿ ಮಾಡೋಕೆ ಹೋಗುತ್ತೆ. ಸೌದೆ ಪೂರ್ತಿ ಉರಿಯಲ್ಲ, ಉರಿಯದೆ ಉಳಿದದ್ದೆಲ್ಲ ಹೊಗೆ. ಅದೇ ಮರವನ್ನ ಒಡೆದು, ಗಾಳಿಯಾಡೋ ಹಾಗೆ ಒಟ್ಟಿ, ಸೂರಿನಡಿ ಆರು ತಿಂಗಳಿಂದ ಒಂದು ವರ್ಷ ಇಟ್ಟರೆ ಕಡಿಮೆ ಹೊಗೆ, ಹೆಚ್ಚು ಕಾವು. ಇದು ಅಪ್ಪನಿಗೆ ಚೆನ್ನಾಗೇ ಗೊತ್ತಿತ್ತು. ಗೊತ್ತಿದ್ದು ಏನ್ಮಾಡೋದು, ಒಟ್ಟೋಕೆ ನಮಗೆ ಸೂರೆಲ್ಲಿತ್ತು?

ಬಂಗಲೆಯ ಹೊಗೆ ಆಕಾಶಕ್ಕೆ ಹೋಯ್ತು. ನಮ್ಮ ಹೊಗೆ ಅವ್ವನ ಎದೆಗೆ ಹೋಯ್ತು. ಐವತ್ತೈದಕ್ಕೇ ನಾಲ್ಕು ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ. ಡಾಕ್ಟರು "ಬೀಡಿ ಸೇದ್ತಿದ್ರಾ?" ಅಂತ ಕೇಳಿದ್ರು. "ಊದುಕೊಳವೆ ಬಿಟ್ಟು ಬೇರೇನೂ ಬಾಯಿಗಿಟ್ಟಿಲ್ಲ ಸಾಮಿ" ಅಂದ್ಲು ಅವ್ವ. ಸಿಒಪಿಡಿ ಅಂತ ಚೀಟೀಲಿ ಬರೆದ್ರು. ಇದು ನಮ್ಮ ಮನೆಯೊಂದರ ಕತೆ ಅಲ್ಲ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹೊಗೆಯನ್ನ ಹೊರಗೆ ಕಳಿಸೋ ವಿದ್ಯೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ, ಕಡಿಮೆ ಸೌದೆ ಸಾಕಾಗೋ, ಚಿಮಣಿ ಇರೋ ಅಸ್ತ್ರ ಒಲೆಯನ್ನ ನಾನು ಚಿಕ್ಕವನಿದ್ದಾಗಲೇ ಹಳ್ಳಿಗಳಿಗೆ ತಂದಿತ್ತು. ತೋಟದ ಕೂಲಿಗಾರರಿಗೆ ಮನೆ ಕೊಡೋದು ಮಾಲೀಕರ ಹೊಣೆ ಅಂತ 1951ರ ಪ್ಲಾಂಟೇಶನ್ ಲೇಬರ್ ಆಕ್ಟೇ ಹೇಳಿತ್ತು. ಆ ಒಲೆ ನಮ್ಮ ಲೈನಿಗೆ ಬರಲೇ ಇಲ್ಲ. ಆ ಕಾನೂನು ನಾಲ್ಕು ಗೋಡೆಗೇ ನಿಂತುಬಿಡ್ತು.

ಅದಕ್ಕೇ ಕೇಳ್ಕೊಳ್ತೀನಿ. ಲೈನ್ ಮನೆಗಳ ಬೇಡಿಕೆ ಪಟ್ಟಿ ಬರೆಯುವಾಗ ಕೂಲಿ, ಹಕ್ಕುಪತ್ರದ ಜೊತೆ ಇವನ್ನೂ ಸೇರಿಸಿ: ಪ್ರತಿ ಒಲೆಗೂ ಹಂಚು ದಾಟೋ ಚಿಮಣಿ, ಸೌದೆ ಒಣಗಿಸೋಕೆ ಸೂರು, ಮಲಗೋಕೆ ಬೇರೆ ಕೋಣೆ. ಅಲ್ಲೀ ತನಕ, ಚಳಿ ಅಂತ ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಟ್ಕೊಂಡು ಮಲಗಬೇಡಿ ಅಂತ ಮನೆಮನೆಗೂ ಹೇಳಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೇಲೇ ಕೊಲ್ಲುತ್ತೆ.

ಮಳೆ ಹಿಡಿಯೋಕೆ ಮುಂಚೆ ನಿಮ್ಮ ತಾಲ್ಲೂಕಿನ ಒಂದು ಲೈನಿಗೆ ಹೋಗಿ ಬನ್ನಿ. ಒಳಗೆ ಹೋದ ತಕ್ಷಣ ತಲೆ ಎತ್ತಿ ಸೂರು ನೋಡಿ. ಅದು ಕಪ್ಪಾಗಿದ್ರೆ, ಅದರ ಕೆಳಗೆ ಕೂತು ಒಲೆ ಊದ್ತಿರೋ ತಾಯಿಯ ಎದೆನೂ ಕಪ್ಪಾಗ್ತಿದೆ ಅಂತ ತಿಳ್ಕೊಳ್ಳಿ.