ರೀಲು ಇಲ್ಲದ ಗಾಳ, ನೀರಸಾಗರದ ದಂಡೆ

ಹುಬ್ಬಳ್ಳಿ-ಧಾರವಾಡದಾಗ ಇದ್ದು, ರಜೆ ಸಿಕ್ಕರೆ ದಾಂಡೇಲಿ, ಗೋಕರ್ಣ ಅಂತ ಓಡುವ ನಾವು ದುಮ್ಮವಾಡ ನೋಡಿರೋದು ಕಡಿಮೆ. ಕಲಘಟಗಿ ತಾಲ್ಲೂಕಿನ ಈ ಊರಿನ ಹತ್ತಿರವೇ ಬೇಡ್ತಿ ಹಳ್ಳಕ್ಕೆ ಕಟ್ಟಿದ ನೀರಸಾಗರ ಐತಿ. ಹುಬ್ಬಳ್ಳಿ ಮಂದಿ ದಶಕಗಟ್ಟಲೆ ಇದರ ನೀರು ಕುಡಿದಾರ.

ದಂಡೆಯಲ್ಲಿ ಕೂತವರ ಕೈಯಲ್ಲಿ ಬಿದಿರಿನ ಕೋಲು, ಅದರ ತುದಿಗೆ ದಾರ, ಒಂದು ಬೆಂಡು, ಎರೆಹುಳ ಚುಚ್ಚಿದ ಗಾಳ. ರೀಲು ಇಲ್ಲ.

ನನಗೆ ಫ್ಲೈ ಫಿಶಿಂಗ್ ವಿಡಿಯೋ ನೋಡುವ ಹುಚ್ಚು. ಅದರಲ್ಲಿ ಹುಳುವಿನ ಹಾಗೆ ಕಾಣಲಿ ಅಂತ ಗಾಳಕ್ಕೆ ಗರಿ, ನೂಲು ಸುತ್ತುತ್ತಾರೆ. ಗಾಳಕ್ಕೆ ತೂಕ ಇರುವುದಿಲ್ಲ, ದಾರದ ತೂಕದಿಂದಲೇ ಬೀಸಿ ಒಗೆಯಬೇಕು. ಅಮೆರಿಕದ ಪಶ್ಚಿಮ ಕರಾವಳಿಯ ನದಿಗಳಲ್ಲಿ ಹೀಗೆ ಸ್ಟೀಲ್‌ಹೆಡ್ ಹಿಡಿಯುತ್ತಾರೆ. ಅದೂ ರೇನ್‌ಬೋ ಟ್ರೌಟ್ ಮೀನೇ. ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ನದಿಗೆ ತಿರುಗಿ ಬರುತ್ತದೆ.

ಹಳಬರು ಗಾಳವನ್ನು ಹೊಳೆಗೆ ಅಡ್ಡ ಒಗೆದು, ಸೆಳವಿನ ಜೊತೆ ಬಾಗಿ ಬರಲು ಬಿಡುತ್ತಾರೆ. ಯಾರಾದರೂ ಬೆಂಡು ಕಟ್ಟಿದರೆ 'ಇದು ಫ್ಲೈ ಫಿಶಿಂಗೇ ಅಲ್ಲ' ಅಂತ ಮುಖ ಸಿಂಡರಿಸುವವರು ಇದ್ದಾರೆ. ಜಪಾನಿನ ಗುಡ್ಡದ ಹೊಳೆಗಳ ತೆಂಕಾರಾ ಪದ್ಧತಿಯಲ್ಲಂತೂ ರೀಲೇ ಇಲ್ಲ: ಉದ್ದ ಕೋಲು, ತುದಿಗೆ ದಾರ, ಗರಿಯ ಗಾಳ. 2009ರಿಂದ ಅಮೆರಿಕದಲ್ಲಿ ಅದು ಹೊಸ ಮಾಲಾಗಿ ಮಾರಾಟ ಆಗುತ್ತಿದೆ. ದುಮ್ಮವಾಡದ ಕೋಲಿಗೂ ಅದಕ್ಕೂ ದೊಡ್ಡ ಅಂತರ ಇಲ್ಲ.

ಗರಿ ಸುತ್ತಿದ ಗಾಳ ತೋರಿಸಿದಾಗ ದಂಡೆಯ ಮ್ಯಾಲಿದ್ದ ಕಾಕಾ ನಕ್ಕರು: "ತಮ್ಮಾ, ಮೀನಿಗೆ ಗರಿ ತಿನಸ್ತಿಯೇನೋ?"

"ಹುಳ ಅಂತ ತಿಳಕೊಂಡು ಹಿಡೀತಾವ್ರಿ ಕಾಕಾ."

"ಹೆಂಗರ ಹಿಡಿ. ಮೊದಲ ನೀರು ಇರಬೇಕಲ್ಲ."

ಮಾತು ಖರೆ. ಟ್ರೌಟಿಗೆ ತಣ್ಣನೆ ನೀರು ಬೇಕು. ಬ್ರಿಟಿಷರು ತಂದು ಬಿಟ್ಟ ಆ ಮೀನು ನೀಲಗಿರಿಯಲ್ಲಿದೆ, ಇಲ್ಲಿ ಬದುಕದು. ಇಲ್ಲಿಯ ಮೀನಿಗೆ ಕೆರೆ ತುಂಬಿದರೆ ಸಾಕು. ಆದರೆ ನೀರಸಾಗರ ತುಂಬಲು ಮಳೆಯೇ ಬರಬೇಕು. 2017ರ ಬರದಲ್ಲಿ ಅದು ಬತ್ತಿತ್ತು. 2019ರ ಮಳೆಗೆ ತುಂಬಿ ಕೋಡಿ ಹರಿಯಿತು. ಬತ್ತಿದ ತಳದಲ್ಲಿ ಬೆಂಡು ಸರಿಯೋ, ಗರಿ ಸರಿಯೋ ಅನ್ನೋ ಜಗಳಕ್ಕೆ ಅರ್ಥವೇ ಇಲ್ಲ.

ಮಳೆಗಾಲ ಮುಗಿದ ಮ್ಯಾಲೆ ಒಮ್ಮೆ ಬರ್ರಿ. ಗಾಳ ಹಾಕೋ ಮೊದಲು ಮೀನಿನ ಗುತ್ತಿಗೆ ಹಿಡಿದವರನ್ನು ಕೇಳ್ರಿ. ತುಂಡಾದ ಪ್ಲಾಸ್ಟಿಕ್ ದಾರ ಮಾತ್ರ ದಂಡೆಯಲ್ಲಿ ಬಿಡಬ್ಯಾಡ್ರಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.